ಗೂಗಲ್‌ನಲ್ಲಿ ನಮ್ಮ ಹೋಂಸ್ಟೇ ಯಾಕೆ ಸಿಗುತ್ತಿಲ್ಲ? ಕೊಡಗಿನ ವೆಬ್‌ಸೈಟ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

"ವೆಬ್‌ಸೈಟ್ ಮಾಡಿಸಿ ಆರು ತಿಂಗಳಾಯ್ತು, ಗೂಗಲ್‌ನಲ್ಲಿ ಬರೋದೇ ಇಲ್ಲ." ಮಡಿಕೇರಿಯಲ್ಲಿ ಕೂತು ವೆಬ್‌ಸೈಟ್ ಕೆಲಸ ಮಾಡುವ ನನಗೆ ಜಾಸ್ತಿ ಬರುವ ಫೋನು ಇದೇ. ಕಕ್ಕಬ್ಬೆ ಕಡೆಯ ಹೋಂಸ್ಟೇ, ಗೋಣಿಕೊಪ್ಪದ ಕಾಫಿಪುಡಿ ಅಂಗಡಿ, ಸೋಮವಾರಪೇಟೆ ಹತ್ತಿರ ಜೇನು, ಏಲಕ್ಕಿ ಮಾರುವವರು, ಎಲ್ಲರದೂ ಇದೇ ಮಾತು. ನನಗೆ ಫೋನ್ ಮಾಡುವ ಹೊತ್ತಿಗೆ ಎಷ್ಟೋ ಜನ "ಮೊದಲ ಪುಟ ಗ್ಯಾರಂಟಿ" ಅಂದವರಿಗೆ ಆಗಲೇ ಹಣ ಕಟ್ಟಿರುತ್ತಾರೆ. ತೆರೆದು ನೋಡಿದರೆ ಸೆಟ್ಟಿಂಗ್‌ನಲ್ಲಿ ಎಲ್ಲೋ ಒಂದು ಟಿಕ್ ಬೇಡದ ಕಡೆ ಬಿದ್ದಿರುತ್ತದೆ. ಅದನ್ನು ತೆಗೆಯಲು ಒಂದು ರೂಪಾಯಿಯೂ ಬೇಡ. ಇದನ್ನು ನೋಡಿ ನೋಡಿ ಬೇಜಾರಾಗಿಯೇ ಈ ಕೈಪಿಡಿ ಬರೆಯಲು ಕೂತೆ.

ದೋಷ ಹುಡುಕುವ ಮೊದಲು ಸರ್ಚ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ನಮ್ಮ ತೋಟಕ್ಕೆ ಕಾಫಿ ವ್ಯಾಪಾರಿ ಬರುವುದನ್ನೇ ನೆನೆಸಿಕೊಳ್ಳಿ. ಮೊದಲು ದಾರಿ ಸಿಗಬೇಕು, ಗೇಟು ತೆರೆದಿರಬೇಕು. ಆಮೇಲೆ ಮಾದರಿ ನೋಡಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಔಟ್‌ಟರ್ನ್, ಅಂದರೆ ಕಾಯಿಗೆ ಎಷ್ಟು ಬೀಜ ಸಿಗುತ್ತದೆ ಅಂತ ನೋಡಿ ರೇಟು ಹೇಳುವುದು ಕೊನೆಗೆ. ಗೂಗಲ್ ಮಾಡುವುದೂ ಹೀಗೆ ಮೂರು ಕೆಲಸ. ಗೂಗಲ್‌ಬಾಟ್ ಅನ್ನುವ ಪ್ರೋಗ್ರಾಂ ಒಂದು ಪುಟದ ಲಿಂಕ್ ಹಿಡಿದು ಇನ್ನೊಂದು ಪುಟಕ್ಕೆ ಹೋಗುತ್ತಾ ಪುಟಗಳನ್ನು ಓದುತ್ತದೆ. ಇದು ಕ್ರಾಲಿಂಗ್. ಓದಿದ್ದರಲ್ಲಿ ಬೇಕಾದ್ದನ್ನು ತನ್ನ ಪುಸ್ತಕಕ್ಕೆ ಸೇರಿಸುತ್ತದೆ. ಇದು ಇಂಡೆಕ್ಸಿಂಗ್. ಯಾರಾದರೂ ಏನಾದರೂ ಹುಡುಕಿದಾಗ ಆ ಪುಸ್ತಕದಲ್ಲಿರುವ ಪುಟಗಳನ್ನು ಸಾಲಾಗಿ ಜೋಡಿಸಿ ತೋರಿಸುತ್ತದೆ. ಇದು ರ‍್ಯಾಂಕಿಂಗ್.

ಗೇಟು, ಪುಸ್ತಕ, ಸಾಲು. ನಿಮ್ಮ ಸೈಟಿನ ತೊಂದರೆ ಈ ಮೂರರಲ್ಲಿ ಎಲ್ಲಿದೆ ಅಂತ ಗೊತ್ತಾಗುವವರೆಗೆ ಯಾರಿಗೂ ದುಡ್ಡು ಕೊಡಬೇಡಿ. ಗೇಟಿಗೆ ಬೀಗ ಬಿದ್ದಿರುವಾಗ ರೇಟಿನ ಬಗ್ಗೆ ಮಾತಾಡಿ ಏನು ಪ್ರಯೋಜನ, ಅಲ್ವಾ?

ಕೈ ಹಾಕುವ ಮೊದಲು

ಸೈಟಿನ ಬ್ಯಾಕಪ್ ತೆಗೆದಿಡಿ. ಹೋಸ್ಟಿಂಗ್, ಅಂದರೆ ಸೈಟ್ ಇಡಲು ಸರ್ವರ್‌ನಲ್ಲಿ ಜಾಗ ಕೊಟ್ಟವರ ಪುಟದಲ್ಲೇ ಸಾಮಾನ್ಯವಾಗಿ ಅದಕ್ಕೊಂದು ಬಟನ್ ಇರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ತಾರೀಕು ಹಾಕಿ ಬರೆದಿಡಿ. ಐದು ಕಡೆ ಒಟ್ಟಿಗೆ ಕೈ ಆಡಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಆಮೇಲೆ ತಿಳಿಯುವುದೇ ಇಲ್ಲ.

ಪಾಸ್‌ವರ್ಡ್, ಓಟಿಪಿ ಯಾರಿಗೂ ಹೇಳಬೇಡಿ. "ಸರಿ ಮಾಡಿಕೊಡ್ತೀವಿ, ಪಾಸ್‌ವರ್ಡ್ ಕಳಿಸಿ" ಅಂದವರಿಗೂ ಬೇಡ. ಗೂಗಲ್‌ನದೇ ಉಚಿತ ಸಾಧನ ಸರ್ಚ್ ಕನ್ಸೋಲ್‌ನಲ್ಲಿ ಬೇರೆಯವರನ್ನು ಬಳಕೆದಾರರಾಗಿ ಸೇರಿಸಬಹುದು, ಕೆಲಸ ಮುಗಿದ ಮೇಲೆ ತೆಗೆಯಬಹುದು. ಅಷ್ಟು ಸಾಕು.

ಈ ಸರ್ಚ್ ಕನ್ಸೋಲ್ ನಿಮ್ಮ ಹತ್ತಿರ ಇನ್ನೂ ಇಲ್ಲದಿದ್ದರೆ ಇವತ್ತೇ ಮಾಡಿಕೊಳ್ಳಿ. ಇದಿಲ್ಲದೆ ದೋಷ ಹುಡುಕುವುದು ಮಂಜಿನಲ್ಲಿ ಜೀಪು ಓಡಿಸಿದ ಹಾಗೆ. ಖಾತೆ ಮಾತ್ರ ನಿಮ್ಮ ಸ್ವಂತ ಜಿಮೇಲ್‌ನಲ್ಲಿರಲಿ, ಸೈಟ್ ಮಾಡಿಕೊಟ್ಟವರ ಜಿಮೇಲ್‌ನಲ್ಲಿ ಬೇಡ.

"ನಮ್ಮ ಹೋಂಸ್ಟೇ ಹೆಸರೇ ಹೊಡೆದರೂ ಬರುವುದಿಲ್ಲ"

ಮೊದಲ ಪರೀಕ್ಷೆಗೆ ಹತ್ತು ಸೆಕೆಂಡು ಸಾಕು. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಿಮ್ಮ ಸೈಟ್ ತೆರೆಯಿರಿ. ತೆರೆಯಿತೇ? ತೆರೆಯದಿದ್ದರೆ ಗೂಗಲ್‌ಗೂ ತೆರೆಯುವುದಿಲ್ಲ. ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರಿನ ಅವಧಿ ಮುಗಿದಿರಬಹುದು. ನವೀಕರಣದ ಇಮೇಲ್ ಸ್ಪ್ಯಾಮ್‌ಗೆ ಹೋಗಿ ಬಿದ್ದಿರುತ್ತದೆ, ಇಲ್ಲವೇ ಸೈಟ್ ಮಾಡಿಕೊಟ್ಟವರ ವಿಳಾಸಕ್ಕೆ ಹೋಗಿರುತ್ತದೆ. ಡೊಮೇನ್ ಯಾರ ಹೆಸರಿನಲ್ಲಿದೆ ಅಂತ ಈಗಲೇ ಕೇಳಿ ತಿಳಿದುಕೊಳ್ಳಿ. ನಿಮ್ಮ ಜೀಪಿನ ಆರ್‌ಸಿ ಬೇರೆಯವರ ಹೆಸರಿನಲ್ಲಿ ಬಿಡುತ್ತೀರಾ? ಇದೂ ಹಾಗೇ.

ಸೈಟ್ ತೆರೆಯಿತು ಅಂದರೆ ಎರಡನೇ ಪರೀಕ್ಷೆ. ಗೂಗಲ್‌ನಲ್ಲಿ ಸೈಟ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಮೇಲೊಂದು ಕೆಳಗೊಂದು ಚುಕ್ಕಿಯ ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಟೈಪ್ ಮಾಡಿ. ನಿಮ್ಮ ಪುಟಗಳು ಬಂದರೆ ನೀವು ಪುಸ್ತಕದಲ್ಲಿದ್ದೀರಿ, ತೊಂದರೆ ಸಾಲಿನದು. ಹಾಗಿದ್ದರೆ ನೇರ ಕೆಳಗಿನ "ಬರುತ್ತದೆ, ಆದರೆ ಐದನೇ ಪುಟದಲ್ಲಿ" ಅನ್ನುವ ಭಾಗಕ್ಕೆ ಹೋಗಿ. ಏನೂ ಬರದಿದ್ದರೆ ಗೇಟಿನದೋ ಪುಸ್ತಕದ್ದೋ ತೊಂದರೆ. ಈ ಪರೀಕ್ಷೆ ಒಂದು ಅಂದಾಜು ಮಾತ್ರ, ಎಲ್ಲ ಪುಟಗಳನ್ನೂ ತೋರಿಸುವುದಿಲ್ಲ. ಖಚಿತ ಉತ್ತರ ಬೇಕಿದ್ದರೆ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಪುಟದ ವಿಳಾಸ ಹಾಕಿ ನೋಡಬೇಕು.

ಸೈಟ್ ತೀರಾ ಹೊಸದಾಗಿದ್ದರೆ ಸ್ವಲ್ಪ ತಾಳ್ಮೆ ಬೇಕು. ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಹಿಡಿಯುತ್ತದೆ. ಹೊಸ ಸೈಟಿಗೆ ಬೇರೆ ಎಲ್ಲಿಂದಲೂ ಲಿಂಕ್ ಇರುವುದಿಲ್ಲ. ದಾರಿಯೇ ಇಲ್ಲದ ಮನೆಗೆ ವ್ಯಾಪಾರಿ ಹೇಗೆ ಬರುತ್ತಾನೆ? ಸೈಟ್‌ಮ್ಯಾಪ್ ಅನ್ನುವ ಫೈಲನ್ನು ಸರ್ಚ್ ಕನ್ಸೋಲ್‌ನಲ್ಲಿ ಕೊಡಿ. ಅದು ನಿಮ್ಮ ಪುಟಗಳ ಪಟ್ಟಿ. ಒಂದು ಫೈಲಿನಲ್ಲಿ 50,000 ವಿಳಾಸ ಹಿಡಿಯುತ್ತದೆ, ಹೋಂಸ್ಟೇಗೆ ಹದಿನೈದು ಇದ್ದರೆ ಹೆಚ್ಚು. ಅದರಲ್ಲಿ ಹಾಕಿದ್ದೆಲ್ಲ ಪುಸ್ತಕಕ್ಕೆ ಸೇರೇ ಸೇರುತ್ತದೆ ಅಂತೇನಿಲ್ಲ, ಆದರೆ ದಾರಿ ತೋರಿಸಿದ ಹಾಗಾಗುತ್ತದೆ.

ಎರಡು ತಿಂಗಳಾದರೂ ಬಂದಿಲ್ಲ ಅಂದರೆ ಬೀಗ ಹುಡುಕಿ. ವರ್ಡ್‌ಪ್ರೆಸ್ ಅನ್ನುವ ಸಾಧನದಲ್ಲಿ ಕಟ್ಟಿದ ಸೈಟಾದರೆ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅಂತ ಇದೆ. ಅಲ್ಲಿ "ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡುವುದು ಬೇಡ" ಅನ್ನುವ ಅರ್ಥದ ಒಂದು ಸಣ್ಣ ಚೌಕವಿದೆ. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟಗಳು ಯಾರಿಗೂ ಕಾಣಬಾರದು ಅಂತ ಅದಕ್ಕೆ ಟಿಕ್ ಹಾಕಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ನಾಪೋಕ್ಲು ಕಡೆಯ ಒಂದು ಹೋಂಸ್ಟೇಯವರು ಎರಡು ಸೀಸನ್ ಹೀಗೇ ಕಳೆದಿದ್ದರು. ಫೋನಿನಲ್ಲೇ ಹೇಳಿಕೊಟ್ಟೆ. "ಆಂಟಿ, ಆ ಚೌಕದಲ್ಲಿ ಟಿಕ್ ಇದೆಯಾ?" "ಇದೆ ಮೋನೆ." "ತೆಗೆದು, ಕೆಳಗೆ ಸೇವ್ ಒತ್ತಿ." ಎಂಟನೇ ದಿನ ಮೊದಲ ಪುಟ ಪುಸ್ತಕಕ್ಕೆ ಸೇರಿತು.

ಆ ಟಿಕ್ ಇಲ್ಲದಿದ್ದರೆ ರೋಬೋಟ್ಸ್ ಫೈಲ್ ನೋಡಿ. ನಿಮ್ಮ ವಿಳಾಸದ ಕೊನೆಗೆ ಓರೆಗೆರೆ ಹಾಕಿ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಅಂತ ಇಂಗ್ಲಿಷ್‌ನಲ್ಲಿ ಹೊಡೆದರೆ ನಾಲ್ಕು ಸಾಲಿನ ಒಂದು ಪುಟ ತೆರೆಯುತ್ತದೆ. 1994ರಿಂದ ಬಂದ ಪದ್ಧತಿ ಇದು. ಯಾವ ಬಾಟ್ ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಎಲ್ಲ ಬಾಟ್‌ಗಳಿಗೂ ಅನ್ವಯಿಸುವ ಜಾಗದಲ್ಲಿ ಡಿಸ್‌ಅಲೋ ಪದದ ಮುಂದೆ ಬರೀ ಒಂದು ಓರೆಗೆರೆ ಇದ್ದರೆ ಇಡೀ ಸೈಟಿಗೆ ಬೀಗ ಅಂತ ಅರ್ಥ. ಮುಂದೆ ಏನೂ ಇಲ್ಲದಿದ್ದರೆ ಬೀಗ ಇಲ್ಲ. ಆ ಒಂದು ಗೆರೆಯದ್ದೇ ವ್ಯತ್ಯಾಸ. ಸರಿ ಮಾಡಿದ ಮೇಲೆ ಒಂದು ದಿನ ಕಾಯಿರಿ, ಗೂಗಲ್ ಈ ಫೈಲಿನ ಹಳೆಯ ಪ್ರತಿಯನ್ನು ಸಾಮಾನ್ಯವಾಗಿ 24 ಗಂಟೆವರೆಗೆ ಇಟ್ಟುಕೊಂಡಿರುತ್ತದೆ.

"ಹೆಸರು ಬರುತ್ತದೆ, ಕೆಳಗೆ ವಿವರ ಏನೂ ಇಲ್ಲ"

ಫಲಿತಾಂಶದಲ್ಲಿ ವಿಳಾಸ ಮಾತ್ರ ಕಂಡು, ಈ ಪುಟದ ಬಗ್ಗೆ ಮಾಹಿತಿ ಇಲ್ಲ ಅಂತ ಬಂದರೆ, ರೋಬೋಟ್ಸ್ ಫೈಲಿನಲ್ಲಿ ಬೀಗ ಇದೆ, ಆದರೆ ಬೇರೆ ಯಾವುದೋ ಸೈಟ್ ನಿಮಗೆ ಲಿಂಕ್ ಕೊಟ್ಟಿದೆ ಅಂತ ಅರ್ಥ. ಗೂಗಲ್ ಒಳಗೆ ಬಂದಿಲ್ಲ, ಗೇಟಿನ ಮೇಲಿನ ಬೋರ್ಡ್ ಓದಿಕೊಂಡು ಹೋಗಿದೆ.

ಇಲ್ಲಿ ತಿಳಿದವರೂ ಒಂದು ಕಡೆ ಎಡವುತ್ತಾರೆ. ಒಂದು ಪುಟ ಗೂಗಲ್‌ನಲ್ಲಿ ಕಾಣಬಾರದು ಅಂದರೆ ಆ ಪುಟದ ಒಳಗೆ ನೋಇಂಡೆಕ್ಸ್ ಅಂತ ಬರೆಯಬೇಕು. ಜೊತೆಗೆ ರೋಬೋಟ್ಸ್ ಫೈಲಿನಲ್ಲೂ ತಡೆದರೆ, ಗೂಗಲ್‌ಬಾಟ್‌ಗೆ ಒಳಗೆ ಬಂದು ಆ ನೋಇಂಡೆಕ್ಸ್ ಓದಲು ಆಗುವುದೇ ಇಲ್ಲ. ನೋಇಂಡೆಕ್ಸ್ ಮಾತ್ರ ಹಾಕಿ, ಆ ಪುಟಕ್ಕೆ ರೋಬೋಟ್ಸ್ ಫೈಲಿನಲ್ಲಿ ತಡೆ ಬೇಡ.

ಇನ್ನೊಂದು ಎಚ್ಚರಿಕೆ, ಇದನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಿ. ರೋಬೋಟ್ಸ್ ಫೈಲ್ ನಿಜವಾದ ಬೀಗವಲ್ಲ. ಮರ್ಯಾದಸ್ಥ ಬಾಟ್‌ಗಳು ಮಾತ್ರ ಅದಕ್ಕೆ ಬೆಲೆ ಕೊಡುತ್ತವೆ. ಹೋಂಸ್ಟೇ ನಡೆಸುವ ನಾವು ಅತಿಥಿಗಳ ಆಧಾರ್, ಪಾಸ್‌ಪೋರ್ಟ್ ಪ್ರತಿ ತೆಗೆದುಕೊಳ್ಳುತ್ತೇವೆ. ಅವು ಸೈಟಿನ ಅಪ್‌ಲೋಡ್ ಫೋಲ್ಡರ್‌ನಲ್ಲಿ ಹಾಗೇ ಬಿದ್ದಿದ್ದರೆ, ವಿಳಾಸ ಗೊತ್ತಾದ ಯಾರು ಬೇಕಾದರೂ ತೆರೆಯಬಹುದು. ಅಂಥ ಫೈಲ್ ಗೂಗಲ್‌ನಲ್ಲಿ ಕಂಡರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ಸರ್ವರ್‌ನಿಂದ ಅಳಿಸಿ. ಆಮೇಲೆ ಸರ್ಚ್ ಕನ್ಸೋಲ್‌ನ ರಿಮೂವಲ್ಸ್‌ನಲ್ಲಿ ಅರ್ಜಿ ಹಾಕಿ. ಆ ಅರ್ಜಿ ಫಲಿತಾಂಶದಿಂದ ಸುಮಾರು ಆರು ತಿಂಗಳು ಮಾತ್ರ ಮರೆಮಾಡುತ್ತದೆ. ಫೈಲ್ ಅಲ್ಲೇ ಇದ್ದರೆ ಮತ್ತೆ ಬರುತ್ತದೆ. ಇಂಥ ಕಾಗದಗಳನ್ನು ವೆಬ್‌ಸೈಟ್ ಫೋಲ್ಡರ್‌ನಲ್ಲಿ ಇಡಲೇಬೇಡಿ.

"ಮೊದಲ ಪುಟ ಬಂದಿದೆ, ಉಳಿದ ಪುಟಗಳು ಸೇರಿಲ್ಲ"

ಸರ್ಚ್ ಕನ್ಸೋಲ್‌ನ ಪೇಜಸ್ ವರದಿ ತೆರೆಯಿರಿ. ಸೇರದ ಪುಟಗಳಿಗೆ ಕಾರಣ ಕೊಟ್ಟಿರುತ್ತದೆ. ನಮ್ಮ ಕಡೆಯ ಸೈಟ್‌ಗಳಲ್ಲಿ ಜಾಸ್ತಿ ಕಾಣುವುದು ಎರಡು. ಓದಲು ಒಂದೇ ಥರ ಇವೆ, ಅರ್ಥ ಮಾತ್ರ ಬೇರೆ ಬೇರೆ.

"ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಅಂದರೆ ಪುಟ ಇದೆ ಅಂತ ಗೂಗಲ್‌ಗೆ ಗೊತ್ತು, ಇನ್ನೂ ಬಂದು ಓದಿಲ್ಲ. ಸರ್ವರ್ ನಿಧಾನವಿದ್ದರೆ ಹೀಗಾಗಬಹುದು, ಆ ಪುಟಕ್ಕೆ ನಿಮ್ಮ ಸೈಟಿನೊಳಗಿಂದಲೇ ಲಿಂಕ್ ಇಲ್ಲದಿದ್ದರೂ ಆಗಬಹುದು. ಮೆನುವಿನಲ್ಲಿ ಆ ಪುಟ ಇದೆಯಾ ನೋಡಿ. ಮೊದಲ ಪುಟದಿಂದ ಎರಡೋ ಮೂರೋ ಕ್ಲಿಕ್‌ನಲ್ಲಿ ಸಿಗುವ ಹಾಗೆ ಮಾಡಿ.

"ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಅಂದರೆ ಬಂದಿದೆ, ಓದಿದೆ, ಸದ್ಯಕ್ಕೆ ಬೇಡ ಅಂದಿದೆ. ಇದಕ್ಕೆ ಬಟನ್ ಒತ್ತಿ ಪರಿಹಾರ ಸಿಗುವುದಿಲ್ಲ. ಪುಟ ಸೇರಿಸಿ ಅಂತ ಕೇಳುವ ರಿಕ್ವೆಸ್ಟ್ ಇಂಡೆಕ್ಸಿಂಗ್ ಬಟನ್ ದಿನಾ ಒತ್ತುತ್ತಾ ಕೂತರೂ ಅಷ್ಟೇ, ಸುಮ್ನೆ ಕೈ ನೋವು. ಆ ಪುಟದಲ್ಲಿ ಏನು ಬರೆದಿದ್ದೀರಿ ಅಂತ ಓದಿ ನೋಡಿ. "ಅಬ್ಬಿ ಜಲಪಾತ ಮಡಿಕೇರಿಯಿಂದ ಇಷ್ಟು ದೂರದಲ್ಲಿದೆ, ನೋಡಲು ಸುಂದರ" ಅನ್ನುವ ಒಂದು ಪ್ಯಾರಾ, ರಾಜಾಸೀಟ್ ಬಗ್ಗೆ ಒಂದು ಪ್ಯಾರಾ, ದುಬಾರೆ ಬಗ್ಗೆ ಒಂದು. ಇದೇ ಮೂರು ಪ್ಯಾರಾ ಇನ್ನೆಷ್ಟು ಸೈಟ್‌ಗಳಲ್ಲಿವೆ? ಪುಸ್ತಕದಲ್ಲಿ ಆಗಲೇ ಇರುವುದನ್ನು ಮತ್ತೊಮ್ಮೆ ಬರೆದುಕೊಳ್ಳಲು ಗೂಗಲ್‌ಗೆ ಕಾರಣವಿಲ್ಲ. ಬುಕಿಂಗ್ ಸೈಟಿಗೆ ಕೊಟ್ಟ ವಿವರಣೆಯನ್ನೇ ನಿಮ್ಮ ಸೈಟಿಗೂ ಅಂಟಿಸಿದ್ದರೆ ತೊಂದರೆ ಅಲ್ಲೇ ಇದೆ. ನಿಮ್ಮದನ್ನು ಹೊಸದಾಗಿ ಬರೆಯಿರಿ.

ಸೈಟಿನ ಹೆಸರು ಮೂರು ಡಬ್ಲ್ಯೂ ಹಾಕಿದರೂ ತೆರೆಯುತ್ತದೆ, ಹಾಕದಿದ್ದರೂ ತೆರೆಯುತ್ತದೆ, ವಿಳಾಸ ಮಾತ್ರ ಎರಡು ಥರ ಉಳಿಯುತ್ತದೆ ಅಂದರೆ ಗೂಗಲ್ ಎರಡು ಪ್ರತಿ ಅಂತ ತಿಳಿದು ಒಂದನ್ನು ಬಿಡಬಹುದು. ಒಂದರಿಂದ ಇನ್ನೊಂದಕ್ಕೆ ತಾನಾಗಿಯೇ ತಿರುಗಿಸುವ ರೀಡೈರೆಕ್ಟ್ ಹಾಕಿಸಿ. ಹೋಸ್ಟಿಂಗ್‌ನವರಿಗೆ ಹೇಳಿದರೆ ಅವರೇ ಮಾಡಿಕೊಡುತ್ತಾರೆ.

"ಇಂಗ್ಲಿಷ್‌ನಲ್ಲಿ ಹುಡುಕಿದರೆ ಸಿಗುತ್ತದೆ, ಕನ್ನಡದಲ್ಲಿ ಇಲ್ಲ"

ನನಗೆ ತುಂಬಾ ಹತ್ತಿರದ ವಿಷಯ ಇದು. ಕನ್ನಡದಲ್ಲಿ ಬರೆದ ಒಳ್ಳೆಯ ಪುಟಗಳು ಯಾರಿಗೂ ಸಿಗದೆ ಬಿದ್ದಿರುವುದನ್ನು ತುಂಬಾ ನೋಡಿದ್ದೇನೆ. ಕಾರಣ ಮೂರೇ ಇರುತ್ತವೆ, ಮೂರನ್ನೂ ಮನೆಯಲ್ಲೇ ಪರೀಕ್ಷೆ ಮಾಡಬಹುದು.

ಫೋನಿನಲ್ಲಿ ಆ ಪುಟ ತೆರೆದು, ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪದ ನೀಲಿಯಾಗಿ ಆಯ್ಕೆ ಆಯಿತೇ? ಆಗಲಿಲ್ಲ ಅಂದರೆ ಅದು ಅಕ್ಷರವಲ್ಲ, ಚಿತ್ರ. ಪೋಸ್ಟರ್ ಮಾಡಿಸಿ ಅದನ್ನೇ ಸೈಟಿಗೆ ಹಾಕಿದ್ದಾರೆ. ನಮ್ಮ ಕಣ್ಣಿಗೆ ಕನ್ನಡ, ಗೂಗಲ್‌ಗೆ ಹೆಚ್ಚುಕಡಿಮೆ ಒಂದು ಫೋಟೋ. ಒಬ್ಬರ ಊಟದ ಪಟ್ಟಿ ಹೀಗೇ ಇತ್ತು. ಪಂದಿ ಕರಿ, ಕಡಂಬುಟ್ಟು, ನೂಪುಟ್ಟು, ಬಿದಿರು ಕಣಿಲೆ, ಎಲ್ಲ ಚಂದದ ಅಕ್ಷರದಲ್ಲಿ ಒಂದೇ ಚಿತ್ರದೊಳಗೆ. ಅದನ್ನು ಟೈಪ್ ಮಾಡಿಸಿ ಪಕ್ಕದಲ್ಲಿ ಫೋಟೋ ಇಟ್ಟರೆ ಮುಗಿಯಿತು.

ಪದ ಆಯ್ಕೆ ಆಯಿತು ಅಂದರೆ ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಅಲ್ಲೂ ಕನ್ನಡವೇ ಕಂಡರೆ ಸರಿ. ಇಂಗ್ಲಿಷ್ ಅಕ್ಷರ, ಮೇಲೆ ಚುಕ್ಕಿ ಇರುವ ಯೂರೋಪಿನ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಸಾಲು ಬಂದರೆ, ಆ ಪುಟ "ನುಡಿ" ಅಥವಾ "ಬರಹ" ಅನ್ನುವ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಆಗಿದೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸುತ್ತವೆ. ಒಳಗಿರುವುದು ಕನ್ನಡವೇ ಅಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೂ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಆಸ್ಕಿಯಲ್ಲಿ ಟೈಪ್ ಮಾಡುತ್ತಾರೆ, ಅದನ್ನೇ ಸೈಟಿಗೂ ಅಂಟಿಸುತ್ತಾರೆ. ಯಾರೋ "ಕೊಡಗು ಜೇನು" ಅಂತ ಫೋನಿನಲ್ಲಿ ಟೈಪ್ ಮಾಡಿದಾಗ ಅದು ಯುನಿಕೋಡ್. ನಿಮ್ಮ ಪುಟದಲ್ಲಿರುವುದು ಬೇರೇನೋ. ಎರಡೂ ಹೇಗೆ ಕೂಡಬೇಕು?

ಪರಿಹಾರ ಸುಲಭ. ನುಡಿ, ಬರಹ ಎರಡರಲ್ಲೂ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಸಾಧನ ಇದೆ. ಬದಲಿಸಿದ ಮೇಲೆ ಕೂತು ಪೂರ್ತಿ ಓದಿ. ಅರ್ಕಾವೊತ್ತು ಇರುವ ಪದಗಳು ಎಡವಟ್ಟಾಗುವುದು ಜಾಸ್ತಿ: ಸೂರ್ಯ, ಕಾರ್ಯ, ವರ್ಷ. ಪುಟದ ವಿಳಾಸ ಮಾತ್ರ ಬದಲಿಸಬೇಡಿ, ಒಳಗಿನ ಅಕ್ಷರ ಬದಲಿಸಿದರೆ ಸಾಕು.

ಮೂರನೆಯದು, ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್ ಅಂತ ಒಂದೇ ಪುಟದಲ್ಲಿ ಕಲಸಿರುವುದು. ಪುಟ ಯಾವ ಭಾಷೆಯದು ಅಂತ ಗೂಗಲ್ ನಿರ್ಧರಿಸುವುದು ಕಣ್ಣಿಗೆ ಕಾಣುವ ಬರಹ ನೋಡಿ. ಕನ್ನಡಕ್ಕೆ ಒಂದು ಪುಟ, ಇಂಗ್ಲಿಷ್‌ಗೆ ಒಂದು ಪುಟ ಮಾಡಿ, ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡಿ. ಕನ್ನಡ ಪುಟದಲ್ಲಿ ಮಾಡುವ ಕಷ್ಟಕ್ಕೆ ಫಲ ಇದೆಯಾ ಅಂತ ಕೇಳುತ್ತಾರೆ. ಇದೆ. ಹಾಸನದಿಂದ, ಮಂಡ್ಯದಿಂದ, ಹುಬ್ಬಳ್ಳಿಯಿಂದ ಬರುವವರು ಕನ್ನಡದಲ್ಲೇ ಹುಡುಕುತ್ತಾರೆ. ಅಲ್ಲಿ ನಿಮ್ಮ ಜೊತೆ ಪೈಪೋಟಿಗೆ ನಿಂತವರು ಕಡಿಮೆ.

"ಕಂಪ್ಯೂಟರ್‌ನಲ್ಲಿ ಚೆನ್ನಾಗಿದೆ, ಫೋನಿನಲ್ಲಿ ಅರ್ಧ ಬರುವುದೇ ಇಲ್ಲ"

ಗೂಗಲ್ ಈಗ ನಿಮ್ಮ ಸೈಟನ್ನು ಮುಖ್ಯವಾಗಿ ಫೋನಿನ ಕಣ್ಣಿನಿಂದಲೇ ನೋಡುತ್ತದೆ. 2016ರಲ್ಲಿ ಹೇಳಿ ಶುರು ಮಾಡಿದ ಈ ಬದಲಾವಣೆ 2023ರ ಹೊತ್ತಿಗೆ ಮುಗಿಯಿತು. ಅಂದರೆ ಫೋನಿನ ಪುಟದಲ್ಲಿ ರೂಮಿನ ವಿವರ ತೆಗೆದುಹಾಕಿದ್ದರೆ, ಕಂಪ್ಯೂಟರ್‌ನಲ್ಲಿ ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ "ಟೆಸ್ಟ್ ಲೈವ್ ಯುಆರ್‌ಎಲ್" ಒತ್ತಿದರೆ ಗೂಗಲ್‌ಗೆ ಪುಟ ಹೇಗೆ ಕಾಣುತ್ತದೆ ಅಂತ ಚಿತ್ರವೇ ಬರುತ್ತದೆ. ಅದರಲ್ಲಿ ಖಾಲಿ ಜಾಗ ಇದ್ದರೆ ಜಾವಾಸ್ಕ್ರಿಪ್ಟ್ ತೊಂದರೆ ಇರಬಹುದು. ಅದನ್ನು ಸೈಟ್ ಮಾಡಿದವರೇ ನೋಡಬೇಕು, ನೀವು ಕೈ ಹಾಕಬೇಡಿ.

ನಿಧಾನ ಅನ್ನುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ. ಫೋನಿನಲ್ಲಿ ತೆಗೆದ ಫೋಟೋ ಐದಾರು ಎಂಬಿ ಇರುತ್ತದೆ. ಅಂಥ ಇಪ್ಪತ್ತು ಹಾಕಿದರೆ ಪುಟ ನೂರು ಎಂಬಿ. ಭಾಗಮಂಡಲ ದಾಟಿ ಒಂದೇ ಗೆರೆ ಸಿಗ್ನಲ್‌ನಲ್ಲಿ ಕೂತವರಿಗೆ ಅದು ಎಂದಿಗೂ ತೆರೆಯುವುದಿಲ್ಲ. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ಒಂದೊಂದು 200ರಿಂದ 300 ಕೆಬಿ ಒಳಗೆ ಬರುವಂತೆ ಮಾಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಉಚಿತ ಪುಟದಲ್ಲಿ ಇದನ್ನು ಅಳೆದು ನೋಡಬಹುದು. ಆದರೆ ಅಲ್ಲಿ ನೂರಕ್ಕೆ ನೂರು ಬರಲಿ ಅಂತ ಖರ್ಚು ಮಾಡಬೇಡಿ. ವೇಗ ಇದ್ದ ಮಾತ್ರಕ್ಕೆ ಸಾಲಿನಲ್ಲಿ ಮುಂದೆ ಬರುವುದಿಲ್ಲ. ಅತಿಥಿ ಕಾಯದೆ ಪುಟ ನೋಡುವಷ್ಟು ವೇಗ ಸಾಕು.

"ಮೊದಲು ಬರುತ್ತಿತ್ತು, ಈಗ ಇಲ್ಲ"

ಗಾಬರಿಯಾಗುವ ಮೊದಲು ಕ್ಯಾಲೆಂಡರ್ ನೋಡಿ. ಜೂನ್, ಜುಲೈ, ಆಗಸ್ಟ್‌ನಲ್ಲಿ ಕೊಡಗಿನ ಬಗ್ಗೆ ಹುಡುಕುವವರೇ ಕಡಿಮೆ ಇರುತ್ತಾರೆ. ಮಳೆಗಾಲದ ಅಂಕಿಯನ್ನು ಡಿಸೆಂಬರ್ ಜೊತೆ ಹೋಲಿಸಿದರೆ ಬಿದ್ದ ಹಾಗೆಯೇ ಕಾಣುತ್ತದೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಈ ಜುಲೈಯನ್ನು ಹೋದ ಜುಲೈ ಜೊತೆ ಹೋಲಿಸಿ. ಕ್ಲಿಕ್ ಕಡಿಮೆಯಾಗಿ, ಸರಾಸರಿ ಸ್ಥಾನ ಮೊದಲಿನಂತೆಯೇ ಇದ್ದರೆ ನಿಮ್ಮ ಸೈಟ್ ಕೆಟ್ಟಿಲ್ಲ, ಹುಡುಕುವವರು ಕಡಿಮೆಯಾಗಿದ್ದಾರೆ ಅಷ್ಟೇ.

ನಿಜವಾಗಿಯೂ ಬಿದ್ದಿದ್ದರೆ, ಯಾವ ದಿನ ಬಿತ್ತು ಅಂತ ಗ್ರಾಫ್‌ನಲ್ಲಿ ಹುಡುಕಿ. ಒಂದೇ ದಿನಕ್ಕೆ ನೆಲ ಕಚ್ಚಿದ್ದರೆ ಸಾಮಾನ್ಯವಾಗಿ ಯಾರೋ ಏನೋ ಮುಟ್ಟಿದ್ದಾರೆ. ಹೊಸ ಸೈಟ್ ಹಾಕಿಸಿದಿರಾ? ಹಳೆಯ ಪುಟಗಳ ವಿಳಾಸ ಬದಲಾಗಿದ್ದರೆ ಗೂಗಲ್ ಹಳೆಯ ವಿಳಾಸಕ್ಕೆ ಹೋಗಿ "ಪುಟ ಇಲ್ಲ" ಅಂತ ವಾಪಸ್ ಬರುತ್ತದೆ. ಹಳೆಯ ಪ್ರತಿಯೊಂದು ವಿಳಾಸದಿಂದ ಹೊಸದಕ್ಕೆ 301 ಅನ್ನುವ ಶಾಶ್ವತ ರೀಡೈರೆಕ್ಟ್ ಹಾಕಿಸಬೇಕು. ಎಲ್ಲವನ್ನೂ ಮೊದಲ ಪುಟಕ್ಕೆ ತಿರುಗಿಸಿದರೆ ಆಗದು, ರೂಮಿನ ಪುಟ ರೂಮಿನ ಪುಟಕ್ಕೇ ಹೋಗಬೇಕು. ಮೊದಲು ಹೇಳಿದ ರೀಡಿಂಗ್ ಸೆಟ್ಟಿಂಗ್‌ನ ಆ ಟಿಕ್ ಕೂಡ ಹೊಸ ಸೈಟಿನ ಜೊತೆ ಮತ್ತೆ ಬಂದಿರಬಹುದು, ಮರೆಯದೆ ನೋಡಿ.

ಕೆಲವು ವಾರಗಳಲ್ಲಿ ನಿಧಾನವಾಗಿ ಇಳಿದಿದ್ದರೆ ಬೇರೆ ಕಥೆ. ಗೂಗಲ್ ವರ್ಷಕ್ಕೆ ಕೆಲವು ಸಲ ಕೋರ್ ಅಪ್‌ಡೇಟ್ ಅಂತ ತನ್ನ ಲೆಕ್ಕಾಚಾರವನ್ನೇ ಬದಲಿಸುತ್ತದೆ. ಅದು ಪೂರ್ತಿ ಜಾರಿಯಾಗುವವರೆಗೆ ಏನೂ ಮುಟ್ಟಬೇಡಿ. ಸರ್ಚ್ ಕನ್ಸೋಲ್‌ನ ಮ್ಯಾನುಯಲ್ ಆ್ಯಕ್ಷನ್ಸ್ ಮಾತ್ರ ತೆರೆದು ನೋಡಿ. ಖಾಲಿ ಇದ್ದರೆ ನಿಮಗೆ ದಂಡವೇನೂ ಬಿದ್ದಿಲ್ಲ. ಅಲ್ಲಿ ಏನಾದರೂ ಬರೆದಿದ್ದರೆ ತಿಳಿದವರನ್ನು ಕರೆಯುವ ಸಮಯ ಬಂದಿದೆ.

ಕೊಡಗಿನವರಿಗೆ ಇನ್ನೊಂದು ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಇಡೀ ಜಿಲ್ಲೆಯಲ್ಲಿ ಪ್ರವಾಸಿಗರೇ ಇಲ್ಲದಾಗ, ನನಗೆ ಗೊತ್ತಿರುವ ಒಬ್ಬರು ಬೇಸರದಲ್ಲಿ ಸೈಟನ್ನೇ ತೆಗೆಸಿಬಿಟ್ಟರು. ನಾಲ್ಕು ತಿಂಗಳ ಮೇಲೆ ಮತ್ತೆ ಹಾಕಿಸಿದಾಗ ಅವರ ಪುಟಗಳು ಪುಸ್ತಕದಿಂದ ಹೋಗಿದ್ದವು. ಮೊದಲಿಂದ ಶುರು ಮಾಡಬೇಕಾಯಿತು. ಏನೇ ಆದರೂ ಸೈಟ್ ಮುಚ್ಚಬೇಡಿ. "ಸದ್ಯಕ್ಕೆ ಬುಕಿಂಗ್ ಇಲ್ಲ" ಅಂತ ಮೇಲೆ ಒಂದು ಸಾಲು ಹಾಕಿ, ಪುಟಗಳು ಹಾಗೇ ಇರಲಿ. ಮ್ಯಾಪ್‌ನಲ್ಲಿ ನಿಮ್ಮ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲೂ "ತಾತ್ಕಾಲಿಕವಾಗಿ ಮುಚ್ಚಿದೆ" ಅಂತ ಗುರುತು ಮಾಡಬಹುದು.

"ಬರುತ್ತದೆ, ಆದರೆ ಐದನೇ ಪುಟದಲ್ಲಿ"

ಇದು ಸಾಲಿನ ತೊಂದರೆ. ಮೇಲಿನದೆಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆಯೇ ಇಲ್ಲಿಗೆ ಬನ್ನಿ.

ನಿಮ್ಮ ಜಗಲಿಯಲ್ಲಿ ಕೂತು ಹುಡುಕಿ "ನಾನೇ ಮೊದಲು ಬಂದೆ" ಅಂತ ನಂಬಬೇಡಿ. "ಹತ್ತಿರದ ಹೋಂಸ್ಟೇ" ಅಂದಾಗ ದೂರವೂ ಲೆಕ್ಕಕ್ಕೆ ಬರುತ್ತದೆ. ನೀವು ಅಲ್ಲೇ ಕೂತಿದ್ದೀರಲ್ಲ. ಬೆಂಗಳೂರಿನಲ್ಲಿರುವ ಮಗಳಿಗೋ ಅಳಿಯನಿಗೋ ಹುಡುಕಲು ಹೇಳಿ, ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ.

ಹುಡುಕುವ ಪದ ಯಾವುದು ಅಂತ ನೋಡಿ. ಹೊರಗಿನವರು "ಕೂರ್ಗ್" ಅಂತಾರೆ, ನಾವು "ಕೊಡಗು" ಅಂತೀವಿ. ನಿಮ್ಮ ಪುಟದಲ್ಲಿ ಎರಡೂ ಸಹಜವಾಗಿ ಬರಲಿ. ಆದರೆ "ಕೂರ್ಗ್ ಹೋಂಸ್ಟೇ" ಅನ್ನುವ ಎರಡೇ ಪದಕ್ಕೆ ದೊಡ್ಡ ದೊಡ್ಡ ಬುಕಿಂಗ್ ಸೈಟ್‌ಗಳು ಸಾಲಿನ ಮುಂದೆ ನಿಂತಿವೆ. ಅವನ್ನು ಸರಿಸಿ ಮುಂದೆ ಹೋಗುತ್ತೇನೆ ಅಂದರೆ ಹಣ ಕರಗುತ್ತದೆ. ಅವರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿದೆ, ಅದನ್ನು ಬರೆಯಿರಿ. ತಡಿಯಂಡಮೋಳ್ ಬೆಟ್ಟ 1,748 ಮೀಟರ್ ಎತ್ತರ ಅಂತ ಎಲ್ಲರೂ ಬರೆದಿದ್ದಾರೆ. ಬೆಳಗ್ಗೆ ಎಷ್ಟು ಗಂಟೆಗೆ ಹೊರಟರೆ ಬಿಸಿಲೇರುವ ಮೊದಲು ಮೇಲೆ ಹೋಗಬಹುದು, ಜೂನ್‌ನಲ್ಲಿ ಜಿಗಣೆ ಎಷ್ಟು, ನಿಮ್ಮ ಮನೆಗೆ ಕೊನೆಯ ಎರಡು ಕಿಲೋಮೀಟರ್ ಸಣ್ಣ ಕಾರು ಬರುತ್ತದಾ ಜೀಪೇ ಬೇಕಾ, ಯಾವ ಕಂಪನಿಯ ನೆಟ್‌ವರ್ಕ್ ಸಿಗುತ್ತದೆ, ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೆ, ಅಜ್ಜಿಯನ್ನು ಕರೆದುಕೊಂಡು ಬಂದರೆ ಮೆಟ್ಟಿಲು ಎಷ್ಟು ಹತ್ತಬೇಕು. ಅತಿಥಿಗಳು ನಿಮಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳೇ ಇವು. ಒಂದು ವಾರ ಫೋನಿನ ಪಕ್ಕ ನೋಟ್‌ಬುಕ್ ಇಟ್ಟು ಬರೆದುಕೊಳ್ಳಿ. ನಿಮ್ಮ ಸೈಟಿಗೆ ಏನು ಬರೆಯಬೇಕು ಅನ್ನುವ ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ.

ಬೇರೆ ಸೈಟ್‌ಗಳು ನಿಮಗೆ ಕೊಡುವ ಲಿಂಕ್ ಕೂಡ ಮುಖ್ಯ. ಗೂಗಲ್ 1998ರಲ್ಲಿ ಶುರುವಾದದ್ದೇ ಈ ಯೋಚನೆಯ ಮೇಲೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಒಂದು ಪುಟವನ್ನು ಎಷ್ಟು ಪುಟಗಳು, ಎಂಥ ಪುಟಗಳು ತೋರಿಸುತ್ತವೆ ಅನ್ನುವುದರಿಂದ ಅದರ ತೂಕ ಅಳೆಯುವ ಪೇಜ್‌ರ‍್ಯಾಂಕ್ ಮಾಡಿದರು. ಈಗ ನೂರಾರು ಬೇರೆ ಸಂಗತಿಗಳನ್ನೂ ನೋಡುತ್ತಾರೆ. ನಿಮ್ಮಲ್ಲಿ ಉಳಿದ ಹಕ್ಕಿ ನೋಡುವವರ ತಂಡ ತಮ್ಮ ಪ್ರವಾಸದ ಬರಹದಲ್ಲಿ ಲಿಂಕ್ ಕೊಟ್ಟರೆ ಅದಕ್ಕೆ ಬೆಲೆಯಿದೆ. ಐನೂರು ಲಿಂಕ್‌ಗೆ ಇಷ್ಟು ರೂಪಾಯಿ ಅಂತ ಮಾರುವವರ ಹತ್ತಿರ ಹೋಗಬೇಡಿ. ಸಾಲಿನಲ್ಲಿ ಮುಂದೆ ಬರಲು ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಇದ್ದದ್ದೂ ಹೋಗುತ್ತದೆ. ಪುಟದೊಳಗೆ ಕೀವರ್ಡ್ ಟ್ಯಾಗ್, ಅಂದರೆ ಹುಡುಕುವ ಪದಗಳ ಮರೆಯ ಪಟ್ಟಿ ತುಂಬಿಸಿಕೊಡುತ್ತೇವೆ ಅನ್ನುವವರಿಗೂ ಕೈ ಮುಗಿಯಿರಿ. ಆ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅನ್ನುವುದೂ ಗೂಗಲ್‌ನದೇ ಮಾತು. ಜಾಹೀರಾತಿಗೆ ಹಣ ಕಟ್ಟಿದರೆ ಜಾಹೀರಾತಿನ ಜಾಗದಲ್ಲಿ ಬರುತ್ತೀರಿ, ಸಾಲಿನಲ್ಲಿ ಮುಂದೆ ಹೋಗುವುದಿಲ್ಲ.

ಮ್ಯಾಪ್ ಜೊತೆ ಬರುವ ಮೂರ್ನಾಲ್ಕು ಹೆಸರುಗಳ ಪಟ್ಟಿ ಬೇರೆಯದೇ ಸಾಲು. ಅದು ಬಿಸಿನೆಸ್ ಪ್ರೊಫೈಲ್‌ನಿಂದ ಬರುತ್ತದೆ. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರುವಾಸಿ, ಈ ಮೂರನ್ನು ನೋಡುತ್ತಾರೆ. ಮ್ಯಾಪಿನ ಗುರುತು ನಿಮ್ಮ ಅಂಗಳದಲ್ಲೇ ಇದೆಯಾ, ಪಕ್ಕದ ತೋಟದಲ್ಲಿದೆಯಾ ಅಂತ ಇವತ್ತೇ ನೋಡಿ.

"ನಮ್ಮ ಹೆಸರಿನ ಕೆಳಗೆ ಜಪಾನಿ ಅಕ್ಷರ, ಔಷಧಿ ಜಾಹೀರಾತು ಬರುತ್ತಿದೆ"

ಇಲ್ಲಿ ನಿಲ್ಲಿಸಿ. ಸೈಟ್ ಹ್ಯಾಕ್ ಆಗಿದೆ. ನೀವು ತೆರೆದರೆ ಎಲ್ಲ ಸರಿಯಾಗಿಯೇ ಕಾಣಬಹುದು. ಗೂಗಲ್‌ಗೆ ಒಂದು, ನಿಮಗೆ ಒಂದು ತೋರಿಸುವುದೇ ಇದರ ತಂತ್ರ. ನೀವೇ ಫೈಲ್ ಅಳಿಸಲು ಹೋಗಬೇಡಿ, ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಉಳಿದಿರುತ್ತದೆ. ಆ ಪುಟಗಳ ಮೇಲೆ ಕ್ಲಿಕ್ ಮಾಡಿಯೂ ನೋಡಬೇಡಿ.

ಸರ್ಚ್ ಕನ್ಸೋಲ್‌ನ ಸೆಕ್ಯುರಿಟಿ ಇಷ್ಯೂಸ್ ತೆರೆದು ಅಲ್ಲಿ ಬರೆದಿರುವುದರ ಸ್ಕ್ರೀನ್‌ಶಾಟ್ ತೆಗೆಯಿರಿ. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಇಮೇಲ್ ಇದೆಯಾ ನೋಡಿ. ಹ್ಯಾಕ್ ಮಾಡಿದವರು ತಮ್ಮನ್ನೇ ಮಾಲೀಕರಾಗಿ ಸೇರಿಸಿಕೊಂಡಿರುವುದುಂಟು. ಆ ಹೆಸರು ಬರೆದಿಟ್ಟುಕೊಂಡು ತೆಗೆದುಹಾಕಿ. ಸೈಟಿನಲ್ಲಿ ಬುಕಿಂಗ್ ಹಣ ಪಡೆಯುವ ವ್ಯವಸ್ಥೆ ಇದ್ದರೆ ಕೂಡಲೇ ನಿಲ್ಲಿಸಿ, ಅತಿಥಿಗಳಿಗೆ ಫೋನ್ ಮಾಡಿ ತಿಳಿಸಿ. ಹೋಸ್ಟಿಂಗ್, ವರ್ಡ್‌ಪ್ರೆಸ್, ಇಮೇಲ್ ಮೂರರ ಪಾಸ್‌ವರ್ಡನ್ನೂ ಬೇರೆ ಸಾಧನದಿಂದ ಬದಲಿಸಿ. ಆಮೇಲೆ ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ, ಸ್ಕ್ರೀನ್‌ಶಾಟ್ ಕಳಿಸಿ, ಮೊದಲೇ ತೆಗೆದಿಟ್ಟ ಬ್ಯಾಕಪ್ ಯಾವ ತಾರೀಕಿನದು ಅಂತ ಹೇಳಿ. ಅವರು ಶುಚಿ ಮಾಡಿ, ಒಳಗೆ ಬಂದ ದಾರಿ ಮುಚ್ಚಿದ ಮೇಲೆ ಅದೇ ಸೆಕ್ಯುರಿಟಿ ಇಷ್ಯೂಸ್ ಪುಟದಲ್ಲಿ ಮರುಪರಿಶೀಲನೆಗೆ ಅರ್ಜಿ ಹಾಕಬೇಕು. ದಾರಿ ಮುಚ್ಚುವ ಮೊದಲೇ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ, ಮತ್ತೆ ಕಾಯಬೇಕಾಗುತ್ತದೆ.